ಕ್ಲೈವನ ಚಪ್ಪರ ಕೆಡವಿದವರು

ಕಣಿವೆಯಿಂದ ಹತ್ತಿ ಬರುವಾಗಲೇ ಕ್ಲೈವ್ ಪೆದರಿಕ್‌ನ ಮುಖ ಕೆಂಪೇರಿತ್ತು. ಕ್ಯಾಮೆರಾವನ್ನು ಊಟದ ಮೇಜಿನ ಮೇಲೆ ಕುಕ್ಕಿದ. ಎದುರಿಗೆ ಕೂತಿದ್ದ ಡಲ್ಸಿಯ ಕಡೆ ನೋಡದೆಯೇ ಹೇಳಿದ:

"ನನ್ನ ಚಪ್ಪರಾನ ಕೆಡವಿ ಹಾಕಿದಾರೆ. ಒಂದು ಕಡ್ಡೀನೂ ನೆಟ್ಟಗಿಲ್ಲ. ಯಾರು ಅಂತ ನಾನೇ ಹೇಳ್ಬೇಕಾ?"

ಅವನ ಚಪ್ಪರ ಅಂದರೆ ಹಕ್ಕಿಯದು. ಈ ಕಡೆಯ ಕಾಡಿನಲ್ಲಿ ಮಿರಮಿರನೆ ಮಿಂಚುವ ಕಡುನೀಲಿ ಗಂಡುಹಕ್ಕಿಯೊಂದಿದೆ. ಹೆಣ್ಣನ್ನು ಒಲಿಸಿಕೊಳ್ಳಲು ಅದು ನೆಲದ ಮೇಲೆ ಕಡ್ಡಿ ನೆಟ್ಟು ಚಪ್ಪರ ಕಟ್ಟುತ್ತದೆ. ಮುಂದೆ ಅಂಗಳ ಮಾಡಿ ಅಲ್ಲಿ ನೀಲಿ ಬಣ್ಣದ್ದು ಏನು ಸಿಕ್ಕರೂ ತಂದು ಹರಡುತ್ತದೆ: ಗಿಳಿಯ ಗರಿ, ಬಾಟಲಿಯ ಮುಚ್ಚಳ, ಯಾರದೋ ಮನೆಯ ಬಟ್ಟೆ ಕ್ಲಿಪ್ಪು. ನಮ್ಮ ಹಕ್ಕಿ ಸಂಘದವರು ವಸಂತ ಬಂತೆಂದರೆ, ದಕ್ಷಿಣಾರ್ಧಗೋಳದ ಈ ಕಡೆ ಅದು ಸೆಪ್ಟೆಂಬರಿನಲ್ಲಿ, ಒಂದು ಭಾನುವಾರ ಈ ರಾಷ್ಟ್ರೀಯ ಉದ್ಯಾನಕ್ಕೆ ಬರುತ್ತೇವೆ. ಬೆಳಿಗ್ಗೆ ಫೋಟೋ, ಮಧ್ಯಾಹ್ನ ಬುತ್ತಿ.

ಚಪ್ಪರವನ್ನು ಮೊದಲು ಕಂಡವರದೇ ಅಲ್ಲಿ ಕೂರುವ ಹಕ್ಕು. ಅವರು ಕರೆಯದೆ ಇನ್ನೊಬ್ಬರು ಅಲ್ಲಿಗೆ ಕಾಲಿಡುವಂತಿಲ್ಲ. ಇದನ್ನು ಯಾರೂ ಬರೆದಿಟ್ಟಿಲ್ಲ, ಆದರೆ ನಾನು ಸಂಘಕ್ಕೆ ಸೇರಿದಾಗಿನಿಂದ ಯಾರೂ ಮೀರಿದ್ದೂ ಇಲ್ಲ. ಹಕ್ಕಿಗಳು ಜೋಡಿಯಾಗುವ ಕಾಲದಲ್ಲಿ ಕಣಿವೆಯ ಗೇಟಿಗೆ ಬೀಗ ಹಾಕುತ್ತಾರೆ. ಅದರ ಕೀಲಿ ಚಪ್ಪರವಿದ್ದವರ ಕೈಗೆ ಮಾತ್ರ. ಈ ವರ್ಷ ಇಬ್ಬರಿಗಿತ್ತು, ಕ್ಲೈವ್‌ಗೆ ಮತ್ತು ಡಲ್ಸಿ ರ‍್ಯಾಂಕಿನ್‌ಗೆ.

ಅವರಿಬ್ಬರ ಹಗೆ ಹಳೆಯದು. ಒಂದು ಮಿಂಚುಳ್ಳಿಯ ಗೂಡನ್ನು ಮೊದಲು ಕಂಡದ್ದು ಯಾರು ಎಂಬುದಕ್ಕೆ ಹತ್ತಿಕೊಂಡದ್ದು. ಆಮೇಲೆ ಅವರ ಕಾರುಗಳು ಅಕ್ಕಪಕ್ಕ ನಿಂತದ್ದನ್ನು ನಾನು ನೋಡಿಲ್ಲ.

"ಇವಳ ಕೀಲಿ ಕಿತ್ಕೊಳ್ಳಿ," ಅಂದ ಕ್ಲೈವ್. "ಇಲ್ಲಾಂದ್ರೆ ನಾನು ಸಂಘದಲ್ಲಿರಲ್ಲ."

ಡಲ್ಸಿ ಮೊಟ್ಟೆಯ ಸ್ಯಾಂಡ್‌ವಿಚ್ಚನ್ನು ಕೆಳಗಿಟ್ಟಳು. ಆರು ವಸಂತ ಅವಳು ಆ ಒಂದೇ ಚಪ್ಪರದ ಮುಂದೆ ಕೂತಿದ್ದಾಳೆ. ಕಂದು ಮರಿಯಾಗಿದ್ದ ಹಕ್ಕಿಗೆ ನೀಲಿ ಗರಿ ಬಂದದ್ದನ್ನು, ಈ ವರ್ಷ ಅದರ ಬಾಲದ ಗರಿಯೊಂದು ಉದುರಿದ್ದನ್ನು ಕಂಡವಳು. ಕೀಲಿ ಹೋದರೆ ಅದೆಲ್ಲ ಹೋಯಿತು.

"ಒಂದು ಹಕ್ಕಿ ಇನ್ನೊಂದು ಹಕ್ಕಿದು ಕೆಡವುತ್ತೆ ಕಣಯ್ಯ. ಇಷ್ಟು ವರ್ಷ ಕಾಡಲ್ಲಿ ಏನು ದನ ಕಾಯ್ತಿದ್ದೆಯಾ?"

"ಬಾಯಲ್ಲಿ ಹೇಳಿದ್ರೆ ಆಯ್ತಾ? ತೋರ್ಸು ಮತ್ತೆ."

ಅವಳ ಕೈ ಕ್ಯಾಮೆರಾದ ಮೇಲೆ ಹೋಗಿ ಅಲ್ಲೇ ನಿಂತಿತು. ಕಾರ್ಯದರ್ಶಿ ಮೊಯ್ರಾ, "ಇದ್ರೆ ತೋರ್ಸು ಡಲ್ಸಿ, ಇಲ್ದಿದ್ರೆ ಕೈ ಎತ್ತಿಸಿ ತೀರ್ಮಾನ ಮಾಡ್ಬೇಕಾಗುತ್ತೆ," ಅಂದಳು. ಆಗ ಡಲ್ಸಿ ಕ್ಯಾಮೆರಾದ ಹಿಂಬದಿಯನ್ನು ನಮ್ಮೆಲ್ಲರತ್ತ ತಿರುಗಿಸಿದಳು.

ಅಂಥ ಫೋಟೋವನ್ನು ನಾನು ಈ ವಯಸ್ಸಿನವರೆಗೂ ಕಂಡಿರಲಿಲ್ಲ. ಗಂಡುಹಕ್ಕಿ ರೆಕ್ಕೆ ಬಿಚ್ಚಿ, ಕೊಕ್ಕಿನಲ್ಲಿ ಕಡ್ಡಿಗಳ ಕಂತೆ ಕಚ್ಚಿ ಕಿತ್ತೆಳೆಯುತ್ತಿತ್ತು. ಅದರ ನೇರಳೆ ಕಣ್ಣಿನಲ್ಲಿ ಬೆಳಗಿನ ಬೆಳಕು ಬಿದ್ದಿತ್ತು. ಬಾಲದಲ್ಲೊಂದು ಗರಿ ಇಲ್ಲ. ಅದು ಅವಳ ಹಕ್ಕಿಯೇ.

"ಇದು ನನ್ನ ಜಾಗದಲ್ಲಿ ತೆಗ್ದಿದ್ದು," ಅಂದ ಕ್ಲೈವ್. ದನಿ ಈಗ ತಣ್ಣಗಿತ್ತು. "ಎಲ್ಲಿ ಕೂತಿದ್ದೆ?"

"ನಿನ್ನ ಸ್ಟೂಲ್ ಮೇಲೆ. ನಂಗೆ ಮಂಡಿನೋವು."

ಯಾರೋ ನಕ್ಕರು. ಕ್ಲೈವ್ ನಗಲಿಲ್ಲ.

"ನನ್ನ ಹಕ್ಕಿ ಅಷ್ಟು ಬೆಳಿಗ್ಗೇನೇ ಎದ್ದು ಆ ಕಡೆ ಹಾರ್ತು. ಎಲ್ಲಿಗೆ ಹೋಗುತ್ತೆ ಅಂತ ಹಿಂದೆ ಹೋದೆ. ಅಷ್ಟೇ," ಅಂದಳು ಡಲ್ಸಿ.

"ಅದು ಕಿತ್ತು ಹಾಕ್ತಾ ಇದ್ರೆ ನೀನು ಫೋಟೋ ತೆಗೀತಾ ಕೂತಿದ್ದೆ. ಒಂದು ಚಪ್ಪಾಳೆ ತಟ್ಟಿದ್ರೆ ಹಾರಿಹೋಗ್ತಿತ್ತು."

"ಹಕ್ಕಿಗಳ ಮಧ್ಯೆ ನಾವು ಹೋಗ್ಬಾರ್ದು. ಅದು ಕಟ್ಟಳೆ."

"ಓಹೋ! ನನ್ನ ಜಾಗಕ್ಕೆ ನುಗ್ಗುವಾಗ ಈ ಕಟ್ಟಳೆ ಎಲ್ಲಿ ಮಲಗಿತ್ತು ತಾಯಿ?"

ಮೊಯ್ರಾ ಕೈ ಎತ್ತಲು ಹೇಳಿದಳು. ಚಪ್ಪರ ಕೆಡವಿದ್ದು ಡಲ್ಸಿಯಲ್ಲ ಎಂದು ಎಲ್ಲರೂ ಎತ್ತಿದರು, ಕ್ಲೈವನೊಬ್ಬನನ್ನು ಬಿಟ್ಟು. ಕರೆಯದೆ ಕೂತದ್ದಕ್ಕೆ ಕೀಲಿ ವಾಪಸು ಕೊಡಬೇಕು ಎಂದಾಗ ಹೆಚ್ಚಿನ ಕೈಗಳು ಮೇಲೆ ಹೋದವು. ನನ್ನದೂ ಹೋಯಿತು. ಅವಳು ನನ್ನ ಕಡೆ ಒಮ್ಮೆ ನೋಡಿದಳು.

"ನೀವೂನಾ, ಹೊರೇಸ್?"

"ಕರೀದೆ ಕೂತೆಯಲ್ಲಮ್ಮ," ಅಂದೆ.

ಕೀಲಿ ಮೇಜಿನ ಮೇಲೆ ಬಿತ್ತು. ಆಗ ಮೊಯ್ರಾ ಸ್ವಲ್ಪ ತಗ್ಗಿದ ದನಿಯಲ್ಲಿ, "ಆ ಫೋಟೋ ಮಾತ್ರ ನಮ್ಮ ಕ್ಯಾಲೆಂಡರಿಗೆ ಕೊಡು ಡಲ್ಸಿ, ಬಹಳ ಚೆನ್ನಾಗಿದೆ," ಅಂದಳು.

"ತೆಗೆದವಳು ಬೇಡ, ತೆಗೆದಿದ್ದು ಬೇಕು!" ಡಲ್ಸಿ ಹೆಬ್ಬೆರಳಿನಿಂದ ಅಳಿಸುವ ಗುಂಡಿ ಒತ್ತಿದಳು. ಮತ್ತೊಮ್ಮೆ ಒತ್ತಿದಳು. ಫೋಟೋ ಇದ್ದ ಕಡೆ ಬರೀ ಕಪ್ಪು.

ತನ್ನದೊಂದು ಕೀಲಿ ಇದ್ದರೂ ಕ್ಲೈವ್ ಅವಳ ಕೀಲಿಯ ಕಡೆ ಕೈಚಾಚಿದ.

"ನನ್ನ ಚಪ್ಪರವಂತೂ ಹೋಯ್ತು. ಇವಳದು ಖಾಲಿ ಇದೆಯಲ್ಲ, ಅಲ್ಲಿ ನಾನು ಕೂರ್ತೀನಿ."

ಅವನಿಗೆ ಬೇಡವೆನ್ನಲು ನಮ್ಮಲ್ಲಿ ಕಟ್ಟಳೆಯಿರಲಿಲ್ಲ. ಡಲ್ಸಿ ನಕ್ಕಳು. ಅವಳು ಅಂದು ನಕ್ಕದ್ದು ಅದೊಂದೇ ಸಲ.

"ಕೂರಪ್ಪ ಕೂರು. ನಿನ್ನ ಮನೆ ಮುರಿದವನ ಮದುವೆಗೆ ನೀನೇ ಫೋಟೋ ತೆಗಿ."

ಕ್ಲೈವ್ ಕೀಲಿ, ಕ್ಯಾಮೆರಾ ಹಿಡಿದು ಇಳಿದುಹೋದ. ಡಲ್ಸಿ ಬುತ್ತಿಯ ಡಬ್ಬಿ ಮುಚ್ಚಿ ಕಾರಿಗೆ ಹೋದಳು. ಕಾರು ಕಣಿವೆಯ ಅಂಚಿಗೇ ನಿಂತಿತ್ತು. ಅವಳು ಹೊರಡಲಿಲ್ಲ. ಗಾಜು ಇಳಿಸಿ ಕೂತಳು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಆ ಗಂಡುಹಕ್ಕಿಯ ಗೊರಗೊರ ಕೇಳಿಸಿತು, ಹೆಣ್ಣು ಅಂಗಳಕ್ಕೆ ಬಂದಾಗ ಅದು ಮಾಡುವ ಸದ್ದು. ಅದರ ಹಿಂದೆಯೇ ಕ್ಯಾಮೆರಾದ ಟಕ ಟಕ.

ಡಲ್ಸಿ ಹಾರ್ನಿನ ಮೇಲೆ ಕೈಯಿಟ್ಟು ಒತ್ತಿದಳು. ಎತ್ತಲೇ ಇಲ್ಲ. ಕಣಿವೆಗೆ ಕಣಿವೆಯೇ ಎದ್ದಿತು. ಗಿಳಿಗಳು, ಪಾರಿವಾಳಗಳು, ನಮಗೆ ಹೆಸರು ಗೊತ್ತಿದ್ದವು, ಗೊತ್ತಿಲ್ಲದವು, ಎಲ್ಲವೂ ಮರಗಳ ಮೇಲಿಂದ ಚೀರುತ್ತಾ ಹಾರಿಹೋದವು. ಮೊಯ್ರಾ ಕೂಗುತ್ತಾ ಓಡಿದಳು.

"ಡಲ್ಸಿ! ನಿನ್ನ ಹಕ್ಕಿನೂ ಅಲ್ಲೇ ಇದೆ ಕಣೇ!"

"ಗೊತ್ತು," ಅಂದಳು ಡಲ್ಸಿ. ಅವಳ ಕೈ ಹಾರ್ನಿನ ಮೇಲೆಯೇ ಇತ್ತು.