ಸೊಟ್ಟ ಎಸಳಿನ ಕಮಲ

ನಾನು ಒಂದು ಮರದ ಅಚ್ಚು. ಅದಕ್ಕೂ ಮೊದಲು ಯಾವುದೋ ಮನೆಯ ಬಾಗಿಲಿನ ಚೌಕಟ್ಟಾಗಿದ್ದೆನಂತೆ. ಆ ಜನ್ಮದ ನೆನಪು ನನಗಿಲ್ಲ. ಗದಗಿನ ಬಡಿಗ ಮೌನೇಶಪ್ಪ ನನ್ನನ್ನು ಅಂಗೈ ಅಗಲಕ್ಕೆ ಕೊಯ್ದು, ಉಜ್ಜಿ, ಎದೆಯ ಮೇಲೆ ಉಳಿ ಇಟ್ಟ ದಿನವೇ ನಾನು ಹುಟ್ಟಿದ ದಿನ. ಅವನು ನನ್ನಲ್ಲಿ ತೋಡಿದ್ದು ಒಂದು ಕಮಲ. ಅದರ ಎಸಳುಗಳೆಲ್ಲ ನೆಟ್ಟಗಿವೆ, ಒಂದು ಮಾತ್ರ ಸೊಟ್ಟ.

"ಇದನ್ನೊಂದು ತಿದ್ದಿಬಿಡ್ಲೇನು?" ಎಂದು ಮೌನೇಶಪ್ಪ ಕೇಳಿದ.

"ಅದನ್ನ ಮುಟ್ಟಬ್ಯಾಡೋ ಮಾರಾಯಾ. ಅದ ನಮ್ಮ ಹುಡುಗಿ ಗುರ್ತು," ಎಂದ ಎದುರಿಗೆ ಕುಳಿತಿದ್ದ ಫಕೀರಪ್ಪ.

ಫಕೀರಪ್ಪ ಪುಸ್ತಕಗಳಿಗೆ ರಟ್ಟು ಕಟ್ಟುವವನು. ಅವನ ಒಬ್ಬಳೇ ಮಗಳು ಸಾವಂತ್ರಿ. ಓಣಿಯ ಭಜನೆಯಲ್ಲಿ ಹಾಡುತ್ತಿದ್ದಳು. ದಿನಾ ಮುಂಜಾನೆ ಹೊಸ್ತಿಲ ಮುಂದೆ ಈ ಕಮಲದ ರಂಗೋಲಿ ಹಾಕುತ್ತಿದ್ದಳು. ಒಂದು ದಿನ ರಂಗೋಲಿ ಹಾಕಿ ಎದ್ದವಳಿಗೆ ಜ್ವರ ಬಂತು. ಆಸ್ಪತ್ರೆಗೆ ಹೋದವಳು ತಿರುಗಿ ಬರಲಿಲ್ಲ. ಶಿವ ಕೊಟ್ಟಿದ್ದ, ಶಿವನೇ ಕರೆದುಕೊಂಡ. ಅಂಗಳದಲ್ಲಿ ಕಮಲ ಮಾತ್ರ ಉಳಿದಿತ್ತು.

ತಾಯಿ ನಿಂಬೆವ್ವ ಅಲ್ಲಿ ಯಾರಿಗೂ ಕಸ ಹೊಡೆಯಗೊಡಲಿಲ್ಲ. ಗಾಳಿಗೆ ಪುಡಿ ಹಾರತೊಡಗಿದಾಗ ಫಕೀರಪ್ಪ ತನ್ನ ಕಸುಬಿನ ಉಪಾಯ ಮಾಡಿದ. ಕಾಗದಕ್ಕೆ ಗಂಜಿ ಬಳಿದು ರಂಗೋಲಿಯ ಮೇಲೆ ಮಲಗಿಸಿ, ಮೆಲ್ಲಗೆ ಎತ್ತಿಕೊಂಡ. ಆ ಕಾಗದವನ್ನೇ ನನ್ನ ಮೈಗೆ ಅಂಟಿಸಿ ಮೌನೇಶಪ್ಪ ಗೆರೆಯ ಗುಂಟ ತೋಡಿದ. ತೋಡಿ ಮುಗಿಯುವಷ್ಟರಲ್ಲಿ ಕಾಗದ ಚೂರುಚೂರಾಗಿ ಹೋಗಿತ್ತು. ಸಾವಂತ್ರಿಯ ಕೈಯ ಕಮಲ ಈ ಲೋಕದಲ್ಲಿ ಇನ್ನು ನನ್ನ ಎದೆಯಲ್ಲಿ ಮಾತ್ರ. ಅಂದಿನಿಂದ ಆ ಮನೆಯ ಹೊಸ್ತಿಲಿಗೆ ಬರೀ ನೀರು ಬಿತ್ತು. ನಿಂಬೆವ್ವ ರಂಗೋಲಿಯ ಬಟ್ಟಲು ಮುಟ್ಟಲಿಲ್ಲ.

ಮಗಳು ಹಾಡುತ್ತಿದ್ದ ಪದಗಳನ್ನೆಲ್ಲ ಫಕೀರಪ್ಪ ಅಚ್ಚು ಹಾಕಿಸಿ ತಂದಿದ್ದ. ವರ್ಷದ ಪುಣ್ಯತಿಥಿಗೆ ಭಜನೆಯವರ ಕೈಯಲ್ಲಿ ಆ ಪುಸ್ತಕ ಇಡಬೇಕೆಂದು ಅವನ ಆಸೆ. ಹೊದಿಕೆಗೆ ಮಸಿ ಬೇಡ, ಬಿಳಿ ಕಾಗದದ ಮೇಲೆ ಬಿಳಿ ಕಮಲವೇ ಉಬ್ಬಿ ನಿಲ್ಲಬೇಕು, ಕಣ್ಣು ಮುಚ್ಚಿದರೂ ಬೆರಳಿಗೆ ಸಿಗಬೇಕು ಎನ್ನುತ್ತಿದ್ದ. ಅಚ್ಚಿನ ಯಂತ್ರದವರು ಮರದ ಅಚ್ಚು ಒತ್ತಡ ತಡೆಯುವುದಿಲ್ಲವೆಂದು ಕೈಚೆಲ್ಲಿಬಿಟ್ಟರು. ಕೈಯಲ್ಲೇ ಮಾಡಬೇಕಾಯಿತು.

ಮೊದಲು ಒದ್ದೆ ಕಾಗದವನ್ನು ನನ್ನ ಮೇಲೆ ಹಾಸಿ ಚಮಚದ ಬೆನ್ನಿನಿಂದ ತಿಕ್ಕಿದ. ಎಸಳಿನ ತುದಿಯಲ್ಲಿ ಕಾಗದ ಹರಿಯಿತು. ಕಂಬಳಿಯ ತುಂಡು ಹಾಸಿ ಒತ್ತಿದ. ಕಮಲ ಇದೆಯೋ ಇಲ್ಲವೋ ಎಂಬಷ್ಟು ಮಸುಕು. ದಿನಗಳು ಹತ್ತಿರವಾದಂತೆ ಅವನ ಕೈಗೆ ಅವಸರ ಹತ್ತಿತು. ಒದ್ದೆಯಾದ ನನ್ನನ್ನು ಬಿಸಿಲಿಗಿಟ್ಟು ಒಣಗಿಸಿ, ಮತ್ತೆ ಒದ್ದೆ ಮಾಡಿ, ಒಂದು ಮಧ್ಯಾಹ್ನ ಬೀಸುಕಲ್ಲಿನ ಮೇಲುಗಲ್ಲನ್ನೇ ತಂದು ಹೇರಿದ.

ಟಕ್ ಎಂದಿತು. ನನ್ನ ಎದೆಯಲ್ಲಿ, ಅಂಚಿನಿಂದ ಸೊಟ್ಟ ಎಸಳಿನವರೆಗೆ, ಕೂದಲಿನಂಥ ಬಿರುಕು.

ಫಕೀರಪ್ಪ ಮೌನೇಶಪ್ಪನನ್ನು ಕರೆತಂದ. ಅವನು ಉಗುರು ಆಡಿಸಿ ನೋಡಿ ತಲೆ ಕೊಡವಿದ.

"ಇನ್ನೊಂದು ಮಾಡೋ."

"ಹ್ಯಾಂಗ ಮಾಡ್ಲೋ? ಗೆರಿ ಎಲ್ಲೈತಿ? ನಾ ಮಾಡಿದ್ರ ನನ್ನ ಕಮಲ ಆಕ್ಕೈತಿ, ಆಕೀದು ಆಗೂದಿಲ್ಲ. ಕಲ್ಲು ಹೇರೂ ಮುಂದ ಬುದ್ಧಿ ಎಲ್ಲಿಟ್ಟಿದ್ದಿ?"

ಪುಣ್ಯತಿಥಿಗೆ ಉಳಿದದ್ದು ಒಂದೇ ರಾತ್ರಿ. ಫಕೀರಪ್ಪ ನನ್ನನ್ನು ನೆಲದ ಮೇಲಿಟ್ಟು, ಕಾಗದ ಹಾಸಿ, ಕಂಬಳಿ ಮುಚ್ಚಿದ. ಗೋಡೆ ಹಿಡಿದು ಒಂದು ಕಾಲು ಎತ್ತಿದ. ಮೇಲೆ ಹತ್ತಿ ನಿಲ್ಲುವುದು ಅವನ ಲೆಕ್ಕ. ಆ ಹಿಮ್ಮಡಿ ನನ್ನ ಮೇಲೆಯೇ ತೂಗುತ್ತಿತ್ತು. ಅದು ಇಳಿದರೆ ನಾನು ಎರಡು ಹೋಳು.

"ತಗೀರಿ ಕಾಲು!"

ಅಡುಗೆಮನೆಯಿಂದ ನಿಂಬೆವ್ವ ಓಡಿ ಬಂದಳು. ಮುಂಗೈವರೆಗೆ ಜೋಳದ ಹಿಟ್ಟು. "ಮಗಳ ರಂಗೋಲಿ ತುಳೀತೀರೇನು? ಸಣ್ಣಾಕಿದ್ದಾಗ ಹೊಸ್ತಿಲಾ ದಾಟೂ ಮುಂದ ನೀವ ಹೇಳ್ತಿದ್ರಿ, ನೋಡ್ಕೊಂಡು ಕಾಲಿಡವ್ವ ಅಂತ."

"ಮತ್ತೇನ್ ಮಾಡ್ಲೇ? ನಾಳೆ ಮಂದಿ ಬರ್ತಾರ. ಬರೀ ರಟ್ಟು ಕೊಡ್ಲೇನು?" ಫಕೀರಪ್ಪ ಕಾಲು ಹಿಂದಕ್ಕೆ ತೆಗೆದ.

ನಿಂಬೆವ್ವ ನನ್ನ ಮುಂದೆ ಕುಳಿತಳು. ಕಂಬಳಿ ತೆಗೆದಳು. ಒಳಗೆ ಹೋಗಿ ಗಟ್ಟಿಯಾಗಿ ನಾದಿದ್ದ ಹಿಟ್ಟಿನ ಮುದ್ದೆಯನ್ನೇ ಹಳೆಯ ಧೋತರದ ತುಂಡಿನಲ್ಲಿ ಸುತ್ತಿ ತಂದು ಕಾಗದದ ಮೇಲಿಟ್ಟಳು.

"ಏನವ್ವಾ, ಪುಸ್ತಕ ಕಟ್ತೀಯೋ, ರೊಟ್ಟಿ ಬಡೀತೀಯೋ?" ಎಂದು ಇನ್ನೂ ಅಲ್ಲೇ ಇದ್ದ ಮೌನೇಶಪ್ಪ ನಗಲು ನೋಡಿದ.

ಅವಳು ಮೊಣಕಾಲೂರಿ, ಎರಡೂ ಅಂಗೈ ಹಿಟ್ಟಿನ ಮೇಲಿಟ್ಟು ಬಾಗಿದಳು. ದಿನಾ ಹಿಟ್ಟು ನಾದಿದ ಕೈ. ಭಾರ ಎಲ್ಲಿ ಬೀಳಬೇಕೋ ಅಲ್ಲೇ ಬಿತ್ತು. ಹಿಟ್ಟು ಮೆಲ್ಲಗೆ ಹರಡಿ ಕಾಗದವನ್ನು ನನ್ನ ಗೆರೆಗಳಿಗೆ ಇಳಿಸಿತು. ಬಿರುಕು ಬಾಯಿ ತೆರೆಯಿತು. ಅವಳು ಬಾಯಲ್ಲಿ ಶಿವನಾಮ ಹೇಳುತ್ತಿದ್ದಳು. ಅವಳ ಹಣೆ ಕೈಗಳಿಗೆ ತಾಗುವಷ್ಟು ಬಾಗಿತ್ತು. ಬಿರುಕು ಎಸಳಿನ ಬುಡಕ್ಕೆ ಬಂದು, ಅಲ್ಲೇ ನಿಂತಿತು.

ಕಾಗದ ಎತ್ತಿದರು. ಬಿಳಿಯ ಮೇಲೆ ಬಿಳಿಯ ಕಮಲ ಎದ್ದು ನಿಂತಿತ್ತು, ಸೊಟ್ಟ ಎಸಳಿನ ಸಮೇತ. ಆ ಎಸಳಿಗೆ ತಾಗಿ ಒಂದು ತೆಳ್ಳನೆಯ ಗೆರೆಯೂ ಮೂಡಿತ್ತು, ನನ್ನ ಬಿರುಕು.

"ಕೆಡ್ತು," ಎಂದ ಫಕೀರಪ್ಪ.

ನಿಂಬೆವ್ವ ಕಣ್ಣು ಮುಚ್ಚಿ ಬೆರಳಾಡಿಸಿದಳು. "ಸುಮ್ನಿರ್ರಿ. ಬಂದಾಳ ಬಿಡ್ರಿ," ಎಂದಳು. ಮತ್ತೆ, "ಇನ್ನೊಂದು ಕಾಗದಾ ಕೊಡ್ರಿ."

ಮರುದಿನ ಭಜನೆಯವರು ಪುಸ್ತಕವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಅವರ ರೆಪ್ಪೆಗಳಿಗೆ ಕಮಲ ತಾಗಿತು.

ಆಮೇಲೆ ಓಣಿಯವರು ಕುಬಸದ ಸೀಮಂತಕ್ಕೆ ಹಂಚುವ ಉಂಡಿಯ ಡಬ್ಬಿಗೂ ಆ ಕಮಲ ಬೇಕೆಂದರು. ಫಕೀರಪ್ಪ ಹಿಂಜರಿದ. ನಿಂಬೆವ್ವ, "ಹೋಗ್ಲಿ ಬಿಡ್ರಿ, ಬಸುರಿ ಹೆಣ್ಮಕ್ಕಳ ಮನಿಗೆ ಹೋಗ್ತಾಳ," ಎಂದಳು. ಹೀಗೆ ನಾನು ಎಷ್ಟೋ ಮುಚ್ಚಳಗಳ ಮೇಲೆ ಅರಳಿದೆ. ಕೊನೆಗೊಂದು ದಿನ ಬಿರುಕು ಆಚೆಯ ಅಂಚು ಮುಟ್ಟಿತು. ಫಕೀರಪ್ಪ ಪುಸ್ತಕ ಹೊಲಿಯುವ ದಾರದಿಂದ ನನ್ನ ಎರಡು ಹೋಳುಗಳನ್ನು ಕಟ್ಟಿ ದೇವರ ಜಗುಲಿಯ ಮೂಲೆಯಲ್ಲಿಟ್ಟ. ಇನ್ನು ನನ್ನಿಂದ ಒತ್ತುವ ಕೆಲಸವಿಲ್ಲ. ಅದರ ದುಃಖವೂ ಇಲ್ಲ. ನನ್ನ ಕೈಗೆ ಒಪ್ಪಿಸಿದ್ದನ್ನು ನಾನು ಕಳೆಯಲಿಲ್ಲ.

ಈ ಮೂಲೆಯಿಂದ ಹೊಸ್ತಿಲು ಕಾಣುತ್ತದೆ. ಇವತ್ತು ಮುಂಜಾನೆ ನಿಂಬೆವ್ವ ಬಂದು ನನ್ನ ಗೆರೆಗಳ ಮೇಲೆ ಬೆರಳಾಡಿಸಿದಳು. ರಂಗೋಲಿಯ ಬಟ್ಟಲಿನ ಧೂಳು ಒರೆಸಿ ಹೊರಗೆ ಹೋದಳು. ನೀರು ಚಿಮುಕಿಸಿ, ಕುಳಿತು, ಕಮಲ ಹಾಕಿದಳು. ಒಂದು ಎಸಳು ಸೊಟ್ಟ ಬಂತು. ಎದ್ದು ನಿಂತವಳು ಏನೋ ಮರೆತವಳಂತೆ ಮತ್ತೆ ಬಾಗಿ, ಆ ಎಸಳಿನಿಂದ ಹೊರಕ್ಕೆ ಕೂದಲಿನಷ್ಟು ತೆಳ್ಳಗೆ ಒಂದು ಗೆರೆ ಎಳೆದಳು.