ತವಾ ಇಳಿದರೂ ನಿಲ್ಲದ ಕೆಮ್ಮು

ಹಲಬರ್ಗಾದ ಸಖುಬಾಯಿಯ ಮನೆಯಲ್ಲಿ ಬೆಳಗಾಯಿತೆಂದು ಹೇಳಲು ಕೋಳಿ ಬೇಕಿರಲಿಲ್ಲ, ಅವಳ ಕೆಮ್ಮೇ ಸಾಕಿತ್ತು. ಎದ್ದವಳೇ ತವಾದ ಮೇಲೆ ತಂಬಾಕು ಕರ್ರಗೆ ಹುರಿದು, ಪುಡಿ ಮಾಡಿ ಹಲ್ಲಿಗೆ ತಿಕ್ಕುತ್ತಿದ್ದಳು. ಅದೇ ಮಿಶ್ರಿ. ಗಂಡ ಧೊಂಡಿಬಾ ಕುರಿ ಬಿಡುವ ಮುಂಚೆ ಅಲ್ಲೇ ಕೂತು ಚಿಲುಮೆ ಹಚ್ಚುತ್ತಿದ್ದ. ಆ ಹೊಗೆಯಲ್ಲೇ ಮೊಮ್ಮಗಳ ತೊಟ್ಟಿಲು. ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು ಅದು. ರಾಜ್ಯ ಬದಲಾದರೂ ಈ ಮನೆಯ ಹೊಗೆ ಬದಲಾಗಿರಲಿಲ್ಲ.

"ಕೆಮ್ಮಿಗಿ ಯಾಕ ಅಂಜ್ತೀಯವ್ವಾ? ಮಿಶ್ರಿ ಘಾಟು ಅದು. ನಮ್ಮವ್ವನೂ ಕೆಮ್ಮತಿದ್ದಳು," ಎಂದು ಸಖುಬಾಯಿ ಸೊಸೆಯ ಬಾಯಿ ಮುಚ್ಚಿಸುತ್ತಿದ್ದಳು. ಆ ಅವ್ವ ಎಷ್ಟು ವರ್ಷ ಬಾಳಿದಳೆಂದು ಮಾತ್ರ ಹೇಳುತ್ತಿರಲಿಲ್ಲ.

ಒಂದು ಮಧ್ಯಾಹ್ನ ನೆರೆಮನೆಯ ಬಿಸ್ಮಿಲ್ಲಾಬೀ ಬಂದಾಗ ಮೊಮ್ಮಗಳನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಸಖುಬಾಯಿ ಕೆಮ್ಮಿ ಕೆಮ್ಮಿ ಗೋಡೆಗೆ ಒರಗಿದ್ದಳು.

"ಏನಿದು, ಸಖು?"

"ಮಿಶ್ರಿ ಘಾಟು, ಅಕ್ಕಾ."

ಬಿಸ್ಮಿಲ್ಲಾಬೀ ಗೂಟದಲ್ಲಿದ್ದ ಮಿಶ್ರಿ ತವಾ ನೋಡಿದಳು. ಅದರಲ್ಲಿ ಜೇಡ ಬಲೆ ಕಟ್ಟಿತ್ತು.

"ಎರಡು ಸಂತಿ ಆತು, ಮನ್ಯಾಗ ತಂಬಾಕೇ ಇಲ್ಲ ಅಂತ ನೀನೇ ಅಂದಿ. ತವಾ ಒಲಿ ಏರಿಲ್ಲ, ಘಾಟು ಎಲ್ಲಿಂದ ಬಂತು? ಇದು ಟಿ.ಬಿ. ಇದ್ದೀತು."

ಸಂಜೆಯಾದರೆ ಬರುವ ಸಣ್ಣ ಜ್ವರ, ಕೈಯಿಂದ ಜಾರುವ ಬಳೆ, ಎಲ್ಲ ಸಖುಬಾಯಿಗೆ ಒಮ್ಮೆಲೇ ನೆನಪಾದವು. ತೊಡೆಯ ಮೇಲಿನ ಮೊಮ್ಮಗಳನ್ನು ಮೆಲ್ಲಗೆ ಕೆಳಗಿಳಿಸಿದಳು.

"ಟಿ.ಬಿ. ಇದ್ದರ ನಾ ಸಾಯ್ತೇನಿ, ಅಕ್ಕಾ. ಈ ಕೂಸಿಗೂ ಹತ್ತತದೇನ?"

"ನನಗ ಆಗಿತ್ತು, ನಾ ಸತ್ತೇನೇನು? ಗುಳಿಗಿ ನುಂಗಿ ನಿನ್ನ ಮುಂದ ಕೂತೀನಿ. ತಂಬಾಕಿನ ಹೊಗಿ ಎದಿ ಬಲ ತಿಂತದ. ಅಂಥ ಎದಿಗಿ ಈ ಬ್ಯಾನಿ ಲಗೂನ ಹತ್ತತದ, ವಾಸಿ ಆಗ್ಲಿಕ್ಕೂ ತಡಾ ಆಗ್ತದ. ಸುಮ್ಮ ಕೂತರ ಕೂಸಿಗೂ ಹತ್ತಬಹುದು. ನಾಳಿ ಭಾಲ್ಕಿ ದವಾಖಾನಿಗಿ ಹೋಗೋಣ, ಕಫ ನೋಡ್ತಾರ."

ಹೊಸ್ತಿಲಲ್ಲಿದ್ದ ಧೊಂಡಿಬಾ ಗೊಣಗಿದ. "ಇಷ್ಟಕ್ಕೆಲ್ಲಾ ದವಾಖಾನಿ ಯಾಕ?"

"ಅಣ್ಣಾ, ನಿಮ್ಮ ಕುರಿ ಕೆಮ್ಮಿದರ ಏನ್ ಮಾಡ್ತೀರಿ?"

"ಬ್ಯಾರೆ ಕಟ್ಟಿ ಔಷಧ ಹಾಕ್ತೇನಿ."

"ಹೆಂಡತಿ ಕುರಿಗಿಂತ ಕಡಿಮಿ ಏನ್ರಿ?"

ಮರುದಿನ ಬಸ್ಸಿಗೆ ಧೊಂಡಿಬಾನೇ ಮೊದಲು ಹೊರಟ.

ಕಫದಲ್ಲಿ ಟಿ.ಬಿ. ಕಂಡಿತು. ಕೂಸನ್ನೂ ಪರೀಕ್ಷೆಗೆ ಒಯ್ದಾಗ ಸಖುಬಾಯಿ ಕಂಡ ದೇವರಿಗೆಲ್ಲ ಕೈಮುಗಿದಳು. ಕೂಸಿಗೆ ಏನೂ ಇರಲಿಲ್ಲ. ಅಂದಿನಿಂದ ಅವಳು ಅಂಗಳದ ಚಪ್ಪರದಲ್ಲಿ ಬೇರೆ ಮಲಗಿ, ಕೆಮ್ಮುವಾಗ ಬಾಯಿಗೆ ಸೆರಗು ಹಿಡಿದು, ಗುಳಿಗೆ ತಪ್ಪಿಸದೆ ನುಂಗಿದಳು. ಮಿಶ್ರಿ ಬಿಟ್ಟಳು. ಧೊಂಡಿಬಾ ಚಿಲುಮೆ ಒಡೆದ. ಒಮ್ಮೆ ಹೊಲದಲ್ಲಿ ಕದ್ದು ಬೀಡಿ ಸೇದಿ ಸೊಸೆಯ ಕೈಗೆ ಸಿಕ್ಕಿಬಿದ್ದು, ಮೊಮ್ಮಗಳ ಆಣೆ ಮಾಡಿ ಅದನ್ನೂ ಬಿಟ್ಟ.

ಡಾಕ್ಟರು "ಇನ್ನು ಭಯವಿಲ್ಲ" ಎಂದ ದಿನ ಸೊಸೆ ಕೂಸನ್ನು ತಂದು ಅತ್ತೆಯ ತೊಡೆಗೆ ಹಾಕಿದಳು. ಅಷ್ಟರಲ್ಲಿ ಕೂಸು ನಡೆಯಲು ಕಲಿತಿತ್ತು, ತೊಡೆಯಿಂದಿಳಿದು ಓಡಿತು. ಎತ್ತಿ ಆಡಿಸದೆ ಕಳೆದ ತಿಂಗಳುಗಳನ್ನು ನೆನೆದು ಸಖುಬಾಯಿ ಅತ್ತಳು.

ಇದು ನಮ್ಮ ಅಜ್ಜಿಯರ ಕಾಲದ ಮಾತು. ಅಕ್ಕಂದಿರೇ, ಅಣ್ಣಂದಿರೇ, ಇಂದು ನಿಮ್ಮ ಮನೆಯ ಕೆಮ್ಮಿಗೆ ಯಾವ ಹೆಸರಿಟ್ಟಿದ್ದೀರಿ? ಘಾಟೋ, ಧೂಳೋ, ಬೀಡಿ ಕೆಮ್ಮೋ? ಎರಡು ವಾರ ದಾಟಿದರೆ ಹೆಸರು ಹುಡುಕುತ್ತ ಕೂರಬೇಡಿ, ಸರ್ಕಾರಿ ದವಾಖಾನೆಗೆ ಹೋಗಿ ಕಫ ತೋರಿಸಿ. ಪರೀಕ್ಷೆ, ಔಷಧ ಎರಡೂ ಪುಕ್ಕಟೆ. ತಂಬಾಕನ್ನು ಇಂದೇ ಬಿಡಿ. ನಿಮ್ಮ ತೊಡೆಯೇರಲು ಮನೆಯಲ್ಲಿ ಒಂದು ಕೂಸು ಕಾಯುತ್ತಿದೆ.