ಗೆರೆ ಮಲಗಿದ್ದಾಗ

ಊಟದ ತಟ್ಟೆ ಪಕ್ಕದಲ್ಲಿ ಫೋನ್ ಒರಗಿಸಿಕೊಂಡು ತುತ್ತು ಎತ್ತುವವರು ಈಗ ಮನೆಗೊಬ್ಬರಾದರೂ ಇದ್ದಾರೆ. ನಮ್ಮ ಮನೆಯಲ್ಲಿ ಆ ಪುಣ್ಯಾತ್ಮರು ನಮ್ಮೆಜಮಾನರು. ತಕ್ಕಡಿ ರಿಪೇರಿ ಅವರ ಕೆಲಸ. ಅಂಗಡಿಯವರ ತಕ್ಕಡಿ, ಗೋದಾಮಿನ ದೊಡ್ಡ ಕಾಟಾ, ಆಸ್ಪತ್ರೆಯಲ್ಲಿ ಮಗು ತೂಗುವ ತಕ್ಕಡಿ, ಕೆಟ್ಟರೆ ಎಲ್ಲವೂ ಅವರ ಕೈಗೇ ಬರಬೇಕು. ಬೀದಿಯವರಿಗೆಲ್ಲ ಅವರು ಕಾಟಾ ಅಣ್ಣ. ಅಂಥ ನಿಖರವಾದ ಕೈ. ತಲೆ ಮಾತ್ರ ಕೈಕೊಟ್ಟಿತು. ಅದನ್ನು ಹೇಳಲು ನನಗೇನೂ ಖುಷಿಯಿಲ್ಲ, ಆದರೆ ಹೇಳದೆ ವಿಧಿಯಿಲ್ಲ.

ಯಾರೋ ಗಿರಾಕಿ ಅವರ ಫೋನಿಗೆ ಒಂದು ಆಪ್ ಹಾಕಿಕೊಟ್ಟ. ಬೇರೆ ದೇಶದ ಕರೆನ್ಸಿ ಏರುತ್ತದೋ ಇಳಿಯುತ್ತದೋ ಎಂದು ನೋಡಿ ದುಡ್ಡು ಹಾಕುವ ವ್ಯಾಪಾರ. ಒಂದು ವಾಟ್ಸಾಪ್ ಗುಂಪಿಗೂ ಸೇರಿಸಿದ. ಆ ಗುಂಪಿನಲ್ಲಿ ಒಂದು ಇಂಡಿಕೇಟರ್, ಅಂದರೆ ಬೆಲೆಯ ಚಿತ್ರದ ಕೆಳಗೆ ಓಡುವ ಒಂದು ಗೆರೆ, ಕೈಯಿಂದ ಕೈಗೆ ಹರಿದಾಡುತ್ತಿತ್ತು. ಬೆಲೆ ಜೋರಾಗಿ ಮೇಲೆ ಕೆಳಗೆ ಆಡಿದರೆ ಅದರ ಗೆರೆ ಏಳುತ್ತದೆ. ಬೆಲೆ ಹೆಚ್ಚು ಕದಲದಿದ್ದರೆ ಗೆರೆ ಮಲಗುತ್ತದೆ. ಅದನ್ನು ಮಾಡಿದವರು ಯಾರು, ಅದು ಯಾವಾಗಿನ ಬೆಲೆ ನೋಡಿ ಲೆಕ್ಕ ಹಾಕುತ್ತದೆ, ಯಾರಿಗೂ ಬೇಕಾಗಿರಲಿಲ್ಲ. ಬಂದದ್ದನ್ನು ಮುಂದಕ್ಕೆ ತಳ್ಳುವುದು, ಅಷ್ಟೇ.

ಇವರೂ ತಳ್ಳಿದರು. ಯಾರಿಗೆ? ಒಡಹುಟ್ಟಿದ ತಂಗಿಗೆ.

ನನ್ನ ನಾದಿನಿ ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾಳೆ. ದಿನವಿಡೀ ನಿಂತೇ ಕೆಲಸ. ಗಂಡ ತೀರಿಹೋದ ಮೇಲೆ ಆ ಕಾಲುಗಳೇ ಅವಳ ಸಂಸಾರ ಹೊತ್ತವು. ಈಗ ಎರಡು ಮಂಡಿಯೂ ಸವೆದಿವೆ. ಆಪರೇಷನ್ ಮಾಡಿಸಲೇಬೇಕು ಎಂದು ಡಾಕ್ಟರು ಹೇಳಿದ್ದರು. ಅದಕ್ಕೆಂದೇ ವರ್ಷಗಟ್ಟಲೆ ಕೂಡಿಟ್ಟಿದ್ದಳು. ಒಂದು ಭಾನುವಾರ ನಮ್ಮ ಮನೆಗೆ ಬಂದಾಗ ಇವರು ಫೋನ್ ಹಿಡಿದು ಅವಳ ಪಕ್ಕ ಕೂತರು.

"ಅಣ್ಣ, ನಂಗಿದೆಲ್ಲ ತಲೆಗೆ ಹೋಗಲ್ಲ. ಇದು ಆಪರೇಷನ್‌ಗೆ ಇಟ್ಟಿರೋ ದುಡ್ಡು ಕಣಣ್ಣ."

"ತಲೆಗೆ ಹೋಗೋಕೆ ಏನಿದೆ ಇದ್ರಲ್ಲಿ? ತಕ್ಕಡಿ ಮುಳ್ಳು ಅಲ್ಲಾಡ್ತಿದ್ರೆ ತೂಕ ನೋಡ್ತೀವಾ? ಇಲ್ಲ. ನಿಂತ ಮೇಲೆ ನೋಡ್ತೀವಿ. ಇದೂ ಹಾಗೇ. ಗೆರೆ ಎದ್ದಿದ್ರೆ ದೂರ ಇರು. ಮಲಗಿದ್ರೆ ನಂಬು, ಹಾಕು. ಆಪರೇಷನ್ ಆದ್ಮೇಲೆ ಮನೇಲಿ ಕೂತ್ಕೊಂಡು ತಿನ್ನೋಕೂ ಬೇಕಲ್ವಾ?"

ನನಗೆ ತಡೆಯಲಾಗಲಿಲ್ಲ. "ರೀ, ಅದು ಅವಳ ಕಾಲಿನ ದುಡ್ಡು. ಅದರ ತಂಟೆಗೆ ಹೋಗ್ಬೇಡಿ," ಎಂದೆ.

"ನಿಂಗೆ ಎಲ್ಲದಕ್ಕೂ ಭಯ ಕಣೇ. ಸುಮ್ನಿರು," ಎಂದರು. ನಾದಿನಿ ನನ್ನ ಮುಖ ನೋಡಿದಳು, ಅಣ್ಣನ ಮುಖ ನೋಡಿದಳು. ಚಿಕ್ಕಂದಿನಿಂದ ಅಣ್ಣ ಹೇಳಿದ್ದೇ ವೇದವಾಕ್ಯ ಅವಳಿಗೆ. ಒಪ್ಪಿಕೊಂಡಳು.

ಮೊದಮೊದಲು ಚಿಲ್ಲರೆ ಲಾಭ ಬಂತು. ಅಣ್ಣ ತಂಗಿ ಫೋನಿನಲ್ಲಿ ನಕ್ಕಿದ್ದೇ ನಕ್ಕಿದ್ದು. ಇನ್ನು ಹೇಳಬೇಕೇ, ಒಂದು ಬೆಳಿಗ್ಗೆ ಗೆರೆ ತಣ್ಣಗೆ ಮಲಗಿದ್ದು ಕಂಡು ಇಬ್ಬರೂ ಇದ್ದಬದ್ದದ್ದನ್ನೆಲ್ಲ ಸುರಿದರು. ಮಧ್ಯಾಹ್ನ ನಾನು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಮುಗಿಸಿ ಹೊರಗೆ ಬಂದೆ. ನೋಡಿದರೆ ಇವರು ಫೋನಿನ ಪರದೆಯನ್ನು ಮತ್ತೆ ಮತ್ತೆ ಒತ್ತುತ್ತಿದ್ದಾರೆ. ಯಾವುದೋ ದೇಶದ ದೊಡ್ಡ ಬ್ಯಾಂಕು ಬಡ್ಡಿ ದರ ಬದಲಾಯಿಸಿತಂತೆ. ಬೆಲೆ ಧೊಪ್ಪನೆ ಬಿದ್ದು, ಇಬ್ಬರ ದುಡ್ಡೂ ಹೋಗಿತ್ತು. ಗೆರೆ ಎದ್ದಿತ್ತು, ಆದರೆ ಎಲ್ಲ ಮುಗಿದ ಮೇಲೆ.

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ತಂಗಿಯದು. ಇವರು ಎತ್ತಲಿಲ್ಲ. ಮತ್ತೆ ಬಂತು, ಎತ್ತಲಿಲ್ಲ. ಕೊನೆಗೆ ನಾನೇ ಎತ್ತಿದೆ. ಆ ಕಡೆಯಿಂದ ಬರೀ ಅಳು. ನಾನೂ ಅತ್ತೆ. ಬೇರೇನು ಮಾಡಲಿ?

ಆಮೇಲೆ ಇವರು ತಂಗಿಯ ಮನೆ ಕಡೆ ತಲೆ ಹಾಕಲಿಲ್ಲ. ಅವಳ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದರು. ಒಂದು ದಿನ ಇವರ ಅಂಗಡಿಗೆ ಹೋದರೆ, ಜೀವದಂತಿದ್ದ ತಮ್ಮದೇ ದೊಡ್ಡ ಕಾಟಾವನ್ನೂ ತೂಕದ ಕಲ್ಲುಗಳನ್ನೂ ಮಾರಲು ಯಾರನ್ನೋ ಕರೆದು ತೋರಿಸುತ್ತಿದ್ದಾರೆ!

"ಇನ್ನೊಂದೇ ಒಂದು ಸಲ ಕಣೇ. ಅವಳ ದುಡ್ಡು ವಾಪಸ್ ಬಂದ್ರೆ ಸಾಕು, ಫೋನ್ ಮುಟ್ಟಲ್ಲ."

"ಮಾರಿ, ಮಾರಿ. ಆಮೇಲೆ ನನ್ನನ್ನೂ ಆ ತಕ್ಕಡೀಲಿ ಕೂರಿಸಿ ತೂಕಕ್ಕೆ ಹಾಕಿ," ಎಂದು ಜೋರಾಗಿಯೇ ಹೇಳಿದೆ. ಬಂದಿದ್ದವನು ಮೆಲ್ಲಗೆ ಜಾಗ ಖಾಲಿ ಮಾಡಿದ.

ನಮ್ಮ ಮಹಡಿಯ ಮೇಲಿನ ಮನೆಯಲ್ಲಿ ಒಬ್ಬ ಅಕ್ಕ ಇದ್ದಾರೆ. ಬ್ಯಾಂಕಿನಲ್ಲಿ ವಿದೇಶಿ ಕರೆನ್ಸಿಯ ವಿಭಾಗದಲ್ಲೇ ಕೆಲಸ ಮಾಡಿ ನಿವೃತ್ತರಾದವರು. ಅವತ್ತು ಸಂಜೆ ಅವರನ್ನು ಕೆಳಗೆ ಕರೆದೆ. ಇವರು ಮುಖ ಸಿಂಡರಿಸಿಕೊಂಡೇ ಫೋನ್ ತೋರಿಸಿದರು.

"ಇಂಡಿಕೇಟರ್ ಸರಿ ಇದೆ ಅಕ್ಕ. ನಮ್ಮ ಟೈಮ್ ಸರಿ ಇರ್ಲಿಲ್ಲ."

"ಇಂಡಿಕೇಟರ್ ಸರಿನೇ ಇದೆ," ಎಂದರು ಅಕ್ಕ. "ಒಂದು ಕೇಳ್ತೀನಿ ಹೇಳಿ. ತಕ್ಕಡಿ ಮೇಲೆ ಏನೂ ಇಟ್ಟಿಲ್ಲ. ಮುಳ್ಳು ಹೇಗಿರುತ್ತೆ?"

"ನಿಂತಿರುತ್ತೆ."

"ಇನ್ನೊಂದು ಗಳಿಗೇಲಿ ಯಾರಾದ್ರೂ ಅದರ ಮೇಲೆ ಮೂಟೆ ಎತ್ತಿ ಹಾಕ್ತಾರಾ ಅಂತ ಮುಳ್ಳು ಹೇಳುತ್ತಾ?"

"ಅದು ಹೇಗೆ ಹೇಳುತ್ತೆ, ನಿಮ್ಮದೊಳ್ಳೆ..." ಎಂದವರು ಅಲ್ಲಿಗೇ ನಿಂತರು.

ಅಕ್ಕ ದನಿ ಇಳಿಸಿದರು. "ಈ ಗೆರೆ ಇಷ್ಟು ಹೊತ್ತು ಬೆಲೆ ಎಷ್ಟು ಕುಣೀತು ಅಂತ ಮಾತ್ರ ಹೇಳುತ್ತೆ. ಮುಂದೆ ಏರುತ್ತಾ ಇಳಿಯುತ್ತಾ, ಅದಕ್ಕೆ ಗೊತ್ತಿಲ್ಲ. ದೊಡ್ಡ ಸುದ್ದಿ ಬರೋ ಮುಂಚೆ ಎಷ್ಟೋ ಸಲ ಎಲ್ರೂ ಕೈ ಕಟ್ಟಿ ಕೂತಿರ್ತಾರೆ. ಆಗಲೂ ಗೆರೆ ಮಲಗುತ್ತೆ. ಅದನ್ನ ಭರವಸೆ ಅಂದ್ಕೋಬಾರದು."

"ಹಾಗಾದ್ರೆ ಯಾವ ಕರ್ಮಕ್ಕೆ ಅಕ್ಕ ಇದು?" ಎಂದೆ ನಾನು.

"ಉಪಯೋಗ ಇದೆಯಮ್ಮ. ಕುಣಿತ ಜೋರಿದ್ರೆ ಹಾಕೋ ದುಡ್ಡು ಕಡಿಮೆ ಮಾಡ್ಬೇಕು. ಎಷ್ಟು ನಷ್ಟಕ್ಕೆ ಹೊರಗೆ ಬರ್ಬೇಕು ಅಂತ ಮೊದಲೇ ಗಡಿ ಹಾಕೋವಾಗ ಇದನ್ನ ನೋಡ್ತಾರೆ. ಬೆಲೆ ಧುಮುಕಿದ್ರೆ ಆ ಗಡಿನೂ ದಾಟಿ ಹೋಗಬಹುದು. ಅದೂ ಅಲ್ದೆ ಈ ಆಪ್‌ನೋರು ನೀವು ಹಾಕಿದ ದುಡ್ಡಿನ ಎಷ್ಟೋ ಪಟ್ಟು ಸಾಲ ಸೇರಿಸಿ ಆಡಿಸ್ತಾರೆ. ಬೆಲೆ ಚೂರು ಜಾರಿದ್ರೂ ನಿಮ್ಮದು ಪೂರ್ತಿ ಗುಳುಂ. ಇವರಿಗೆ ಸರ್ಕಾರದ ಪರ್ಮಿಷನ್ ಇದೆಯಾ, ಅದಾದ್ರೂ ನೋಡಿದ್ರಾ?"

ಇವರು ಫೋನನ್ನು ಮಗುಚಿ ಇಟ್ಟರು. "ನಾನೇ ಅವಳಿಗೆ ಕಳಿಸಿದ್ದು ಅಕ್ಕ. ಬೇಡ ಬೇಡ ಅಂದ್ಳು. ನಾನೇ ಮಲಗಿದ್ರೆ ಹಾಕು ಅಂದೆ," ಎಂದು ಗಳಗಳನೆ ಅತ್ತುಬಿಟ್ಟರು. ಈ ಮನುಷ್ಯ ಅಳುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ನನ್ನ ಕೋಪವೆಲ್ಲ ನೀರಾಗಿ ಹೋಯಿತು.

ಅವತ್ತೇ ವಾಟ್ಸಾಪ್ ಗುಂಪಿಗೆ ಇವರು ವಾಯ್ಸ್ ಮೆಸೇಜ್ ಕಳಿಸಿದರು: "ನಾನು ತಂಗಿಗೆ ಹೇಳಿದ್ದು ತಪ್ಪು. ಗೆರೆ ಮಲಗಿದ್ರೆ ದುಡ್ಡು ಕ್ಷೇಮ ಅಂತ ಅರ್ಥ ಅಲ್ಲ. ದಯವಿಟ್ಟು ಹಾಗೆ ಹಾಕ್ಬೇಡಿ." ಒಬ್ಬಿಬ್ಬರು ನಕ್ಕರು. ನಗಲಿ.

ಮರುದಿನ ನಾವಿಬ್ಬರೂ ನಾದಿನಿಯ ಮನೆಗೆ ಹೋದೆವು. ಅವಳು ಕಾಲು ಚಾಚಿ ಗೋಡೆಗೊರಗಿ ಕೂತಿದ್ದಳು. ಅಣ್ಣನನ್ನು ಕಂಡು ಏಳಲು ಹೋದಳು, ಆಗಲಿಲ್ಲ. ಇವರು ಅವಳ ಕಾಲ ಬಳಿಯೇ ಕುಸಿದು ಕೂತರು.

"ನಿನ್ನ ಕಾಲಿನ ದುಡ್ಡು ನಾನು ಹಾಳು ಮಾಡ್ದೆ. ಸಂಪಾದಿಸಿ ತೀರಿಸ್ತೀನಿ ಕಣಮ್ಮ, ಆಟ ಆಡಿ ಅಲ್ಲ. ತಡ ಆಗುತ್ತೆ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಮಂಡಿ ನೋವು ಹೇಗೋ ತಡ್ಕೋತೀನಿ ಅಣ್ಣ. ನೀನು ಫೋನ್ ಎತ್ತಲಿಲ್ವಲ್ಲ, ಅದನ್ನ ಮಾತ್ರ ನಂಗೆ ತಡ್ಕೊಳ್ಳೋಕೆ ಆಗ್ಲಿಲ್ಲ," ಎಂದಳು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಫೋನಿಗೂ ಇಂಥದ್ದು ಬಂದಿರುತ್ತದೆ. ಅದು ಏನು ತೋರಿಸುತ್ತದೆ, ಏನು ತೋರಿಸುವುದಿಲ್ಲ ಎಂದು ನಿಮಗೇ ತಿಳಿಯದಿದ್ದರೆ ಇನ್ನೊಬ್ಬರಿಗೆ ಕಳಿಸಬೇಡಿ. ತಿಳಿದವರಾದರೆ ಕಳಿಸುವಾಗ ಎರಡನ್ನೂ ಬಿಡಿಸಿ ಹೇಳಿ. ಪರವಾನಗಿ ಇಲ್ಲದ ಆಪ್‌ಗೆ ಬಿಡಿಗಾಸೂ ಹಾಕಬೇಡಿ. ಔಷಧಿಗೆ, ಓದಿಗೆ, ಮನೆ ಬಾಡಿಗೆಗೆ ಎಂದು ಇಟ್ಟದ್ದನ್ನು ಈ ವ್ಯಾಪಾರದ ಹತ್ತಿರ ಸುಳಿಯಲೂ ಬಿಡಬೇಡಿ. ಕಳೆದುಕೊಂಡವರು ನಿಮ್ಮ ಮನೆಯಲ್ಲಿದ್ದರೆ ಬೈದು ದೂರ ಮಾಡಬೇಡಿ, ಕರೆದು ಪಕ್ಕ ಕೂರಿಸಿಕೊಳ್ಳಿ.

ನನ್ನ ನಾದಿನಿ ಈಗಲೂ ಲಾಂಡ್ರಿಯ ಮೆಟ್ಟಿಲುಗಳನ್ನು ಒಂದೊಂದರ ಮೇಲೂ ಕೂತು ಕೂತು ಹತ್ತುತ್ತಾಳೆ. ನಿಮ್ಮವರು ಯಾರೂ ಹಾಗೆ ಹತ್ತುವಂತಾಗದಿರಲಿ.